ಊದಬಾರದ ದೀಪ

ಬೆಂಕಿ ಹಚ್ಚಿದ್ದು ಅನೆಲೂಸ್ ತಾತ ಅಲ್ಲ. ಅದು ಕಬ್ಬಿನ ಕೂಲಿಗಳ ಸಾಲುಮನೆಯ ನಾಯಿಗಳಿಗೂ ಗೊತ್ತಿತ್ತು.

ಆದರೂ ಪಂಜರದ ಲಾರಿಗೆ ಹತ್ತಿಸಿದ್ದು ಅವನನ್ನೇ. ಎಪ್ಪತ್ತು ದಾಟಿದ ಮುದುಕ. ಮೊಣಕಾಲು ಮಡಚುವುದಿಲ್ಲ. ಇಬ್ಬರು ಸಿಪಾಯಿಗಳು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಕಬ್ಬಿನ ಕಟ್ಟನ್ನು ಗಾಡಿಗೆ ಎಸೆಯುತ್ತಾರಲ್ಲ, ಹಾಗೆ ಎಸೆದರು. ಒಂದು ಚಪ್ಪಲಿ ಕೆಳಗೆ ಬಿತ್ತು. ಟೈರು ಕತ್ತರಿಸಿ ಮಾಡಿಕೊಂಡ ಚಪ್ಪಲಿ. ದಿಯುಲ ಓಡಿಹೋಗಿ ಅದನ್ನು ಎತ್ತಿಕೊಂಡಳು.

‘ಚಪ್ಲಿ. ಅವರ ಚಪ್ಲಿ ಕಣಪ್ಪ. ಕೊಡ್ತೀನಿ ತಡಿ.’

ಸಿಪಾಯಿ ಅವಳ ಕಡೆ ನೋಡಲೂ ಇಲ್ಲ. ಬೀಗ ಹಾಕಿದ. ಚಪ್ಪಲಿ ಅವಳ ಕೈಯಲ್ಲೇ ಉಳಿಯಿತು.

ದ್ವೀಪ ಒಂದೇ. ನಡುವೆ ಗಡಿ. ಆ ಕಡೆ ಹೈಟಿ, ಈ ಕಡೆ ಡೊಮಿನಿಕನ್ನರ ನಾಡು. ಆ ಕಡೆ ಹಸಿವು, ಈ ಕಡೆ ಕಬ್ಬು. ಅನೆಲೂಸ್ ಮೀಸೆ ಚಿಗುರುವ ವಯಸ್ಸಿಗೆ ಕಂಪನಿಯ ಬಸ್ಸು ಹತ್ತಿ ಆ ಕಡೆಯಿಂದ ಬಂದವನು. ಒಂದು ಸುಗ್ಗಿ ಕಡಿದು ವಾಪಸ್ ಹೋಗುತ್ತೇನೆ ಅಂತ ಅವ್ವನಿಗೆ ಹೇಳಿ ಬಂದಿದ್ದನಂತೆ. ಹೋಗಲಿಲ್ಲ. ಬೆನ್ನು ಬಾಗುವವರೆಗೆ ಕಡಿದ. ಬಾಗಿದ ಮೇಲೂ ಕಡಿದ, ಬಾಗುವ ಶ್ರಮ ಉಳಿಯಿತು ಅಂತ ತಾನೇ ನಗುತ್ತಿದ್ದ.

ದಿಯುಲ ಅವನ ಮಗಳಲ್ಲ. ಅವಳ ತಾಯಿ ಒಲಾಂದ ಕಬ್ಬಿನ ಸಾಲಿನಲ್ಲೇ ನೋವು ಬಂದು, ಅಲ್ಲೇ ಹೆತ್ತು, ಅಲ್ಲೇ ಕಣ್ಣು ಮುಚ್ಚಿದಳು. ಮಗುವನ್ನು ಸೋಗೆಯ ಮೇಲಿಂದ ಎತ್ತಿಕೊಂಡವನು ಅನೆಲೂಸ್. ಅವತ್ತಿನಿಂದ ಆ ಮಗು ಅವನದು. ಅವಳು ಹುಟ್ಟಿದ್ದು ಈ ಕಡೆ, ಬೆಳೆದದ್ದು ಈ ಕಡೆ. ಗಡಿ ಹೇಗಿದೆ ಅಂತ ಕಣ್ಣಲ್ಲೂ ಕಂಡಿಲ್ಲ. ಆದರೂ ಯಾರು ಕೇಳಿದರೂ ಅವಳು ಆ ಕಡೆಯವಳೇ. ಈ ನಾಡಿನಲ್ಲಿ ಚರ್ಮ ನೋಡಿ ಊರು ಹೇಳುತ್ತಾರೆ.

ಅವಳ ಗಂಡ ಪಟ್ಟಣಕ್ಕೆ ಗಾರೆ ಕೆಲಸಕ್ಕೆ ಹೋದವನು ಮತ್ತೆ ಬರಲಿಲ್ಲ. ಮಚ್ಚು ಬಿಟ್ಟುಹೋಗಿದ್ದ. ಅವಳು ಅದನ್ನೇ ಹಿಡಿದಳು. ಹೆಂಗಸರು ಕಬ್ಬು ನೆಡಬೇಕು, ಕಡಿಯಬಾರದು ಅಂತ ಗಂಡಸರು ನಕ್ಕರು. ಒಂದೇ ಸುಗ್ಗಿಯಲ್ಲಿ ನಗು ನಿಂತಿತು. ಎಡಗೈಯಲ್ಲಿ ಜಲ್ಲೆ ಹಿಡಿ. ಬುಡಕ್ಕೆ ಬಗ್ಗು. ಒಂದು ಏಟು. ಸೋಗೆ ಸವರು. ತುದಿ ಹಾರಿಸು. ಎಸೆ. ಮತ್ತೆ ಬಗ್ಗು. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಬೆವರು ಕಣ್ಣಿಗೆ ಇಳಿದು ಉಪ್ಪು ಕಟ್ಟುತ್ತದೆ. ಸೋಗೆಯ ಅಂಚು ಕೆನ್ನೆ ಕೊಯ್ಯುತ್ತದೆ. ಅಂಗೈ ಒಡೆದು, ರಸ ಇಳಿದು, ರಾತ್ರಿ ಮುಷ್ಟಿ ಬಿಚ್ಚುವುದಿಲ್ಲ. ದಿಯುಲಳ ಬೆರಳುಗಳು ನಿದ್ದೆಯಲ್ಲೂ ಮಚ್ಚು ಹಿಡಿದಂತೆಯೇ ಮಡಚಿಕೊಂಡಿರುತ್ತಿದ್ದವು.

ಸಾಲುಮನೆಯ ಹಿಂದೆ ಮೊದಲು ಸ್ಮಶಾನವಿತ್ತು. ಕಬ್ಬಿನವರ ಸ್ಮಶಾನ. ಮರದ ಶಿಲುಬೆಗಳು. ಒಂದು ವರ್ಷ ಕಂಪನಿಗೆ ಜಾಗ ಸಾಲಲಿಲ್ಲ. ಟ್ರ್ಯಾಕ್ಟರ್ ಬಂತು. ಶಿಲುಬೆಗಳನ್ನು ಕಿತ್ತು ಒಂದು ಕಡೆ ಗುಡ್ಡೆ ಹಾಕಿದರು. ಉತ್ತರು. ಕಬ್ಬು ನೆಟ್ಟರು. ಒಂದು ಶಿಲುಬೆಯೂ ಉಳಿಯದಿದ್ದರೂ ಜನ ಅದನ್ನು ಶಿಲುಬೆ ಹೊಲ ಅಂತಲೇ ಕರೆದರು. ಆ ಹೊಲದ ಕಬ್ಬು ಎಲ್ಲಕ್ಕಿಂತ ದಪ್ಪ. ಯಾಕೆ ಅಂತ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಸೋಮವಾರ ಸತ್ತವರ ದಿನ. ಪ್ರತಿ ಸೋಮವಾರ ಸಂಜೆ ಅನೆಲೂಸ್ ಶಿಲುಬೆ ಹೊಲದ ಮೂಲೆಗೆ ಹೋಗುತ್ತಿದ್ದ. ಅರ್ಧ ತೆಂಗಿನ ಚಿಪ್ಪು, ಅದರೊಳಗೆ ಒದ್ದೆ ಮಣ್ಣು, ಮಣ್ಣಲ್ಲಿ ನೆಟ್ಟ ಮೇಣದ ಬತ್ತಿ. ಸುತ್ತಲ ತರಗನ್ನು ಕೈಯಿಂದಲೇ ಗುಡಿಸಿ ನೆಲ ಬರಿದು ಮಾಡುತ್ತಿದ್ದ. ಕಬ್ಬಿನ ಮನುಷ್ಯ, ಬೆಂಕಿಯನ್ನು ಬಲ್ಲವನು. ಎರಡು ಹನಿ ಕಾಫಿ ನೆಲಕ್ಕೆ ಚೆಲ್ಲಿ, ಮಣ್ಣಿನ ಕೆಳಗಿರುವವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಿದ್ದ. ಒಲಾಂದ. ಮೆರಿಲ್ಯೂಸ್. ಕುಂಟ ಬೆನುವಾ. ಸೆಫಿನ. ಕರೆದು ಮುಗಿದ ಮೇಲೆ ಎದ್ದು ಬರುತ್ತಿದ್ದ. ದೀಪ ಅಲ್ಲೇ ಉರಿಯುತ್ತಿತ್ತು.

ಸತ್ತವರಿಗೆ ಹಚ್ಚಿದ ದೀಪವನ್ನು ಊದಬಾರದು. ಅದು ತಾನೇ ಆರಬೇಕು. ಊದಿದರೆ ಅವರನ್ನು ಎರಡನೇ ಸಲ ಕೊಂದ ಹಾಗೆ. ಇದು ಆ ಕಡೆಯವರ ಮಗುವಿಗೂ ಗೊತ್ತು. ಈ ಕಡೆಯವರಿಗೆ ಗೊತ್ತಿಲ್ಲ.

ಚಿಕ್ಕವಳಿದ್ದಾಗ ದಿಯುಲಳ ಕೆಲಸ ಗಾಳಿಗೆ ಕೈ ಅಡ್ಡ ಹಿಡಿಯುವುದು. ಬತ್ತಿ ಗಟ್ಟಿಯಾಗಿ ಹತ್ತಿಕೊಳ್ಳುವವರೆಗೆ ಎರಡೂ ಅಂಗೈ ಬಟ್ಟಲು ಮಾಡಿ ಹಿಡಿಯಬೇಕು. ‘ನಿನ್ಗಿಂತ ಮುಂಚೆ ಈ ಕೆಲ್ಸ ಒಬ್ಬ ಹುಡುಗ ಮಾಡ್ತಿದ್ದ. ಅವನವ್ವ ಸೆಫಿನಳ ಹೆಸ್ರು ಬಂದಾಗ ಜೋರಾಗಿ ಅಳ್ತಿದ್ದ, ಕೈ ಮಾತ್ರ ತೆಗೀತಿರ್ಲಿಲ್ಲ’ ಅಂತ ತಾತ ಹೇಳುತ್ತಿದ್ದ. ಯಾರು ಅಂತ ಕೇಳಿದರೆ, ‘ಈಗ ಅವ್ನು ನಮ್ಮೋನಲ್ಲ ಬುಡು’ ಅನ್ನುತ್ತಿದ್ದ.

ಲಾರಿ ಬರುವ ಹಿಂದಿನ ದಿನ, ಸೋಮವಾರ ಸಂಜೆ, ದೀಪ ಹಚ್ಚಿ ತಾತ ಮನೆಗೆ ಬಂದು ಕೂತಿದ್ದ. ಬೇಯಿಸಿದ ಬಾಳೆಕಾಯಿ, ಉಪ್ಪು ಮೀನು. ಎರಡು ತುತ್ತು ತಿಂದಿರಬಹುದು. ಶಿಲುಬೆ ಹೊಲದ ಆಚೆ ಬದಿ, ರಸ್ತೆಯ ಕಡೆಯಿಂದ ಹೊಗೆ ಎದ್ದಿತು. ಕಬ್ಬಿಗೆ ಬೆಂಕಿ ಬಿದ್ದರೆ ಸದ್ದು ಬೇರೆ. ಸಾವಿರ ಜನ ಒಟ್ಟಿಗೆ ನೆಟಿಕೆ ಮುರಿದ ಹಾಗೆ. ಇಲಿಗಳು ದಿಕ್ಕಾಪಾಲಾಗಿ ಓಡಿಬಂದವು. ಸೋಗೆಯ ಬೂದಿ ಒಣಗಿಸಿದ ಬಟ್ಟೆಗಳ ಮೇಲೆ, ತಟ್ಟೆಗಳ ಮೇಲೆ, ತಲೆಗಳ ಮೇಲೆ ಕಪ್ಪಗೆ ಉದುರಿತು.

ನೀರು ತರಲು ಓಡುತ್ತಿದ್ದ ವಿಸ್ನೆರ್ ರಸ್ತೆಯ ಕಡೆ ಕಂಪನಿಯ ಮೇಸ್ತ್ರಿಯ ಮೋಟಾರ್ ಬೈಕನ್ನು ಕಂಡ. ಹಿಂದೆ ಸೀಮೆಎಣ್ಣೆ ಡಬ್ಬಿ ಕಟ್ಟಿತ್ತು. ಬೈಕು ಬೆಂಕಿಯ ಕಡೆ ಬರುತ್ತಿರಲಿಲ್ಲ. ಬೆಂಕಿ ಬಿಟ್ಟು ಹೋಗುತ್ತಿತ್ತು. ವಿಸ್ನೆರ್ ಬಂದು ಎಲ್ಲರಿಗೂ ಪಿಸುಮಾತಲ್ಲಿ ಹೇಳಿದ. ಜೋರಾಗಿ ಹೇಳುವ ಧೈರ್ಯ ಅವನಿಗೂ ಇರಲಿಲ್ಲ. ಅವನ ಬಳಿಯೂ ಕಾಗದವಿರಲಿಲ್ಲ; ಕಾಗದವಿಲ್ಲದವರನ್ನು ಪಂಜರದ ಲಾರಿ ಗಡಿಯಾಚೆ ಬಿಟ್ಟು ಬರುತ್ತಿತ್ತು.

ಯಾಕೆ ಸುಟ್ಟ ಅಂತ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಸುಟ್ಟ ಕಬ್ಬಿನಲ್ಲಿ ಸೋಗೆ ಸವರುವ ಕೆಲಸವಿಲ್ಲ, ಬೇಗ ಕಡಿಯಬಹುದು, ಕೂಲಿ ಕಡಿಮೆ ಕೊಡಬಹುದು. ಕಾರ್ಖಾನೆ ಕಬ್ಬಿಗೆ ಬಾಯಿ ಬಿಟ್ಟು ಕೂತಿತ್ತು. ಅದರ ಮೇಲೆ, ಅನೆಲೂಸ್ ಆ ತಿಂಗಳೆಲ್ಲ ಸಾಲುಮನೆಯಿಂದ ಸಾಲುಮನೆಗೆ ಕೋಲೂರಿಕೊಂಡು ಓಡಾಡಿದ್ದ. ಮುದುಕರನ್ನೆಲ್ಲ ಸೇರಿಸಿ ರಾಜಧಾನಿಗೆ ಹೋಗಿ ಪಿಂಚಣಿ ಕೇಳುವುದು ಅಂತ. ‘ಮೈಯೆಲ್ಲ ತಗೊಂಡವ್ರೆ, ಮೂಳೆ ಬಾಕಿ ಐತೆ, ಅದ್ಕಾದ್ರೂ ಏನಾರ ಕೊಡ್ಲಿ’ ಅಂತಿದ್ದ. ಆ ಮಾತು ಮೇಸ್ತ್ರಿಯ ಕಿವಿಗೆ ಬಿದ್ದಿತ್ತು.

ಮೇಸ್ತ್ರಿಯ ಹೆಸರು ಎಲಿಹಿಯೊ. ಅಗಲ ಅಂಚಿನ ಹ್ಯಾಟು, ಇಸ್ತ್ರಿ ಮಾಡಿದ ಅಂಗಿ. ಈ ಕಡೆಯ ಗಾಡಿಯವನೊಬ್ಬನ ಮನೆಯಲ್ಲಿ ಬೆಳೆದವನು. ಆ ಮನೆಯ ಹೆಸರು ಸಿಕ್ಕಿತ್ತು, ಆ ಹೆಸರಿನಿಂದ ಕಾಗದ ಸಿಕ್ಕಿತ್ತು, ಕಾಗದದಿಂದ ಕೆಲಸ. ‘ನಿಮ್ ದೇಶಕ್ಕೆ ಹೋಗ್ರೋ’ ಅನ್ನುವ ಮಾತು ಅವನ ಬಾಯಲ್ಲಿ ಬಂದಷ್ಟು ಬೇರೆ ಯಾವ ಮೇಸ್ತ್ರಿಯ ಬಾಯಲ್ಲೂ ಬರುತ್ತಿರಲಿಲ್ಲ. ಹ್ಯಾಟು ತೆಗೆದರೆ ಗುಂಗುರು ಕೂದಲು ಆ ಕಡೆಯ ಕಥೆ ಹೇಳುತ್ತಿತ್ತು. ಅದಕ್ಕೇ ಅವನು ಹ್ಯಾಟು ತೆಗೆಯುತ್ತಿರಲಿಲ್ಲ. ಹಳಬರಿಗೆಲ್ಲ ಗೊತ್ತಿತ್ತು. ಯಾರೂ ಆಡುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅವನು ಪಂಜರದ ಲಾರಿ ಸಮೇತ ಬಂದ. ಎಲ್ಲರನ್ನೂ ನಲ್ಲಿಯ ಹತ್ತಿರ ನಿಲ್ಲಿಸಿದ. ತಾತನನ್ನು ಮುಂದೆ ಕರೆದ.

‘ಏ ಮುದುಕ. ನಿನ್ನೆ ದೀಪ ಹಚ್ಚಿದ್ಯಾ?’

‘ಹಚ್ದೆ. ಯಾವ ಸ್ವಾಮಾರ ಬುಟ್ಟೀನಿ ಹೇಳು.’

‘ಎದ್ದು ಬರೋವಾಗ ಊದಿ ಆರಿಸಿದ್ಯಾ?’

ತಾತ ಅವನ ಮುಖ ನೋಡಿದ.

‘ಸತ್ತೋರ್ ದೀಪ ಊದಕ್ಕಾಯ್ತದಾ?’

‘ಅದೆಲ್ಲ ಬೇಡ. ಊದಿದ್ಯೋ ಇಲ್ವೋ?’

ದಿಯುಲ ಹಿಂದಿನಿಂದ ಅಂಗಿ ಜಗ್ಗಿದಳು. ‘ಊದ್ದೆ ಅನ್ನು ತಾತ. ಒಂದ್ ಮಾತು. ಊದ್ದೆ ಅನ್ನು.’

‘ಬುಡವ್ವ. ಇವತ್ತೋ ನಾಳೆನೋ ನಾನೂ ಅಲ್ಲಿಗೇ ಹೋಗೋನು. ನಿಮ್ ದೀಪ ಊದ್ಬುಟ್ಟೆ ಅಂತ ಸುಳ್ಳು ಹೇಳ್ಬುಟ್ಟು, ಅವರ್ ಮುಂದೆ ಎಂಗೆ ನಿಂತ್ಕಳ್ಳಿ?’ ಮೇಸ್ತ್ರಿಯ ಕಡೆ ತಿರುಗಿದ. ‘ಊದಿಲ್ಲ.’

‘ಕೇಳಿಸ್ತಲ್ಲ?’ ಅಂದ ಎಲಿಹಿಯೊ ಸಿಪಾಯಿಗಳಿಗೆ. ‘ಅವನ ಬಾಯಿಂದಾನೇ ಬಂತು. ಹೊಲ ಸುಟ್ಟೋನು ಇವನೇ. ಹತ್ತಿಸಿ.’

ಹತ್ತಿಸಿದರು. ಚಪ್ಪಲಿ ಬಿತ್ತು. ಬೀಗ ಬಿತ್ತು.

‘ಈಗ ಮಚ್ಚು ತಗೊಳ್ಳಿ. ಸುಟ್ಟ ಕಬ್ಬು ಕಾಯಲ್ಲ. ನಾಳೆ ಹೊತ್ತಿಗೆ ಹುಳಿ ಆಗತ್ತೆ, ಕಾರ್ಖಾನೆ ಮುಟ್ಟಲ್ಲ. ಕೂಲಿ ಸುಟ್ಟ ಕಬ್ಬಿನ ಕೂಲಿ. ನಿಮ್ಮೋನೇ ಸುಟ್ಟಿದ್ದು, ನನ್ನ ಕೇಳ್ಬೇಡಿ.’ ಲಾರಿಯ ಕಡೆ ಕೈ ತೋರಿಸಿದ. ‘ಒಬ್ಬ ಮುದುಕನಿಗೆ ಅಂತ ಲಾರಿ ಗಡಿಗೆ ಹೋಗಲ್ಲ. ತುಂಬಬೇಕು. ಇನ್ನೂ ಜಾಗ ಐತೆ. ಯಾರಿಗೆ ಕೆಲಸ ಬೇಡವೋ ಅವರಿಗೆ.’

ಅವನು ಹೋದ. ಲಾರಿ ಅಲ್ಲೇ ನಿಂತಿತು, ಬಿಸಿಲಲ್ಲಿ.

ದಿಯುಲ ಮಚ್ಚು ತೆಗೆದುಕೊಳ್ಳಲಿಲ್ಲ. ಶಿಲುಬೆ ಹೊಲಕ್ಕೆ ನಡೆದಳು. ಕಬ್ಬು ಸೋಗೆ ಕಳೆದುಕೊಂಡು ಕರಿ ಕೋಲುಗಳಾಗಿ ನಿಂತಿತ್ತು. ಕಾಲಿಟ್ಟಲ್ಲೆಲ್ಲ ಬೂದಿ ಏಳುತ್ತಿತ್ತು. ಮೂಲೆಗೆ ಬಂದಳು. ನಿಂತಳು.

ಮೂಲೆ ಹಸಿರಾಗಿತ್ತು. ಬೆಂಕಿ ಕಾಲುದಾರಿಯ ಆಚೆಗೇ ಸತ್ತಿತ್ತು. ತಾತ ಗುಡಿಸಿದ ನೆಲ ಹಾಗೇ ಇತ್ತು, ಬೆರಳಿನ ಗೆರೆ ಸಮೇತ. ನಡುವೆ ತೆಂಗಿನ ಚಿಪ್ಪು. ಚಿಪ್ಪಲ್ಲಿ ಅರ್ಧ ಉಳಿದ ಬತ್ತಿ. ಅದು ಉರಿದು ಮುಗಿದಿರಲಿಲ್ಲ. ಬೆಂಕಿ ಎಬ್ಬಿಸಿದ ಗಾಳಿಗೆ ಆರಿಹೋಗಿತ್ತು. ದೀಪ ಹೊಲವನ್ನು ಸುಟ್ಟಿರಲಿಲ್ಲ, ಹೊಲದ ಬೆಂಕಿಯೇ ದೀಪವನ್ನು ಕೊಂದಿತ್ತು.

ಎರಡೂ ಕೈಯಲ್ಲಿ ಚಿಪ್ಪು ಹಿಡಿದು ರಸ್ತೆಗೆ ಓಡಿದಳು. ಎಲಿಹಿಯೊನ ಬೈಕಿಗೆ ಅಡ್ಡ ನಿಂತಳು.

‘ನೋಡು ಮೇಸ್ತ್ರಿ. ಕಣ್ಬುಟ್ಟು ನೋಡು. ಬತ್ತಿ ಅರ್ಧ ಉಳಿದೈತೆ. ಮೂಲೇಲಿ ಒಂದು ಎಲೆನೂ ಬಾಡಿಲ್ಲ. ಬಂದು ನೋಡು ಬಾ.’

ಅವನು ಚಿಪ್ಪನ್ನು ತೆಗೆದುಕೊಂಡ. ನೋಡಿದ. ಮುಖದಲ್ಲಿ ಏನೂ ಬದಲಾಗಲಿಲ್ಲ. ನೆಲಕ್ಕೆ ಹಾಕಿದ. ಬೈಕಿನ ಚಕ್ರ ಅದರ ಮೇಲೆ ಹರಿಯಿತು. ಚಿಪ್ಪು ಟಕ್ ಅಂತ ಒಡೆಯಿತು.

‘ಯಾವ ಚಿಪ್ಪು?’ ಅಂದ. ಹೋದ.

ಅವಳು ಬಗ್ಗಿ ಮಣ್ಣಲ್ಲಿ ಹುಡುಕಿದಳು. ಬತ್ತಿ ಎರಡು ಕಡೆ ಬಾಗಿತ್ತು, ಮುರಿದಿರಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಅದರಲ್ಲಿ ಸುತ್ತಿ, ಮತ್ತೆ ತಲೆಗೆ ಕಟ್ಟಿಕೊಂಡಳು. ಹಾಗೇ ರಸ್ತೆಯ ನಡುವೆ ಕೂತಳು.

ಆಗ ಹೊಳೆಯಿತು.

ಊದಿ ಆರಿಸಿದ್ಯಾ ಅಂತ ಕೇಳಿದ. ಈ ಕಡೆಯವನು ಹಾಗೆ ಕೇಳುತ್ತಿರಲಿಲ್ಲ. ದೀಪ ಹಚ್ಚಿದ್ಯಾ, ಹೊಲ ಸುಟ್ಯಾ, ಇಷ್ಟೇ ಕೇಳುತ್ತಿದ್ದ. ಊದುವ ಮಾತೇ ಅವನ ತಲೆಗೆ ಬರುತ್ತಿರಲಿಲ್ಲ. ಉತ್ತರ ಏನು ಬರುತ್ತದೆ ಅಂತ ಮೊದಲೇ ಗೊತ್ತಿದ್ದವನು ಮಾತ್ರ ಆ ಪ್ರಶ್ನೆ ಕೇಳಬಲ್ಲ. ಗಾಳಿಗೆ ಕೈ ಅಡ್ಡ ಹಿಡಿಯುತ್ತಿದ್ದ ಆ ಹುಡುಗ ಇವನೇ. ಅದಕ್ಕೇ ಸೋಮವಾರ ಆರಿಸಿಕೊಂಡಿದ್ದ. ಮುದುಕ ಸಾಯುತ್ತಾನೆಯೇ ಹೊರತು ಊದಿದೆ ಅನ್ನುವುದಿಲ್ಲ ಅಂತ ಗೊತ್ತಿತ್ತು ಅವನಿಗೆ. ತಾತನ ಮರ್ಯಾದೆಯನ್ನೇ ಹಗ್ಗ ಮಾಡಿ ತಾತನ ಕತ್ತಿಗೆ ಹಾಕಿದ್ದ.

ಅವಳಿಗೆ ಅಳು ಬರಲಿಲ್ಲ. ತಲೆಯ ಬಟ್ಟೆ ಬಿಗಿದುಕೊಂಡು ಎದ್ದಳು.

ಸಾಲುಮನೆಗೆ ಬಂದಾಗ ಜನ ಮಚ್ಚು ಹಿಡಿದು ಹೊರಟಿದ್ದರು. ಯಾರೂ ಅವಳ ಮುಖ ನೋಡಲಿಲ್ಲ. ಅವಳು ದಾರಿಯ ಮೇಲೆ ಕೂತಳು. ತನ್ನ ಮಚ್ಚು ತಂದು ಮುಂದೆ ಅಡ್ಡ ಮಲಗಿಸಿದಳು.

‘ಏನಮ್ಮಿ ಇದು?’ ಅಂದ ವಿಸ್ನೆರ್.

‘ದಾಟ್ಕಂಡು ಹೋಗು. ಕಾಲಿಲ್ವಾ ನಿನ್ಗೆ?’

‘ಅದಲ್ಲ ಕಣೆ ದಿಯುಲ. ಲಾರಿ ನೋಡ್ದಲ್ಲ. ಮಕ್ಕಳು ಮರಿ ಇರೋರು ನಾವು.’

‘ಅದರೊಳಗೆ ಕೂತಿರೋನು ಯಾರ್ಲಾ? ನೀನು ಜ್ವರ ಬಂದು ನೆಲ ಕಚ್ಚಿದಾಗ ನಿನ್ನ ಸಾಲು ಕಡಿದು ನಿನ್ನ ಗುಡ್ಡೆಗೆ ಹಾಕ್ದೋನು ಯಾರು? ನಾನಾ?’

ವಿಸ್ನೆರ್ ಮಚ್ಚನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

‘ಆ ಹೊಲದಡಿ ಮಲಗಿರೋರು ಯಾರು? ಒಂದ್ಸಲ ಉತ್ರು. ಈಗ ಸುಟ್ರು. ಇನ್ನು ನಾವೇ ಹೋಗಿ ಕಡಿದು, ಹೊತ್ತು, ಗಾಡಿಗೆ ತುಂಬ್ಸಿ, ಸುಟ್ಟೋನು ನಮ್ ತಾತ ಅಂತ ಒಪ್ಕಂಡು ಕಮ್ಮಿ ಕೂಲಿ ಈಸ್ಕಬೇಕು. ಹೋಗ್ರಪ್ಪ. ಹೋಗಿ. ನಾನ್ ಕಡಿಯಲ್ಲ.’

ಯಾರೂ ಕದಲಲಿಲ್ಲ. ಒಬ್ಬ ಮುದುಕಿ ಮೊದಲು ಕೂತಳು. ಸೊಂಟ ಹಿಡಿದುಕೊಂಡು, ನರಳಿ, ನಿಧಾನಕ್ಕೆ ಕೂತಳು. ಆಮೇಲೆ ಇನ್ನೊಬ್ಬ. ವಿಸ್ನೆರ್ ಆಕಾಶ ನೋಡಿದ, ಲಾರಿ ನೋಡಿದ, ಮಚ್ಚನ್ನು ಅವಳ ಮಚ್ಚಿನ ಪಕ್ಕ ಎಸೆದ.

‘ಸರಿ ಕಣಮ್ಮಿ. ಎಂಗೂ ಬೆನ್ನು ನೋಯ್ತಿತ್ತು.’

ಅವತ್ತು ಯಾರೂ ಹೊಲಕ್ಕೆ ಇಳಿಯಲಿಲ್ಲ.

ಲಾರಿಯ ತಗಡು ಕಾದು ಕೆಂಪಗಾಗುವುದೊಂದು ಬಾಕಿ. ತಾತ ಅದರೊಳಗೆ ಒಂದು ಕಾಲು ನೀಡಿ ಕೂತಿದ್ದ. ದಿಯುಲ ನೀರು ಒಯ್ದಳು. ಎಳೆ ಮುಖದ ಸಿಪಾಯಿ ಕೋಲು ಅಡ್ಡ ಹಿಡಿದ.

‘ಅಪ್ಪಣೆ ಇಲ್ಲ.’

‘ನಿನ್ಗೆ ತಾತ ಇಲ್ವೇನಪ್ಪ?’

‘ಇದ್ದಾನೆ.’

‘ಅವ್ನೂ ನೀರು ಕುಡೀತಾನಾ?’

ಸಿಪಾಯಿ ಬೇರೆ ಕಡೆ ನೋಡಿದ. ಅವಳು ಸರಳುಗಳ ನಡುವೆ ಕೈ ತೂರಿಸಿ ತಾತನ ಬಾಯಿಗೆ ಲೋಟ ಹಿಡಿದಳು. ಅರ್ಧ ಗದ್ದಕ್ಕೆ ಚೆಲ್ಲಿತು.

‘ಎಲ್ಲ ಕೂತವ್ರಾ?’ ಅಂದ ತಾತ.

‘ಕೂತವ್ರೆ.’

‘ನನ್ ಆಯಸ್ಸಿಗೆ ಇವರು ಕೂತಿದ್ದು ನೋಡಿರ್ಲಿಲ್ಲ. ಚೆನ್ನಾಗೈತೆ.’ ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, ‘ದೀಪ?’

‘ಅರ್ಧ ಉಳಿದೈತೆ. ನನ್ ತಾವೈತೆ.’

‘ಉರಿಸ್ಬೇಕು ಕಣವ್ವ. ಅರ್ಧಕ್ಕೆ ಬುಡಬಾರ್ದು.’

ಬುಧವಾರ ಬೆಳಿಗ್ಗೆ ಗಾಳಿ ಬದಲಾಯಿತು. ಹೊಲದ ಕಡೆಯಿಂದ ವಾಸನೆ ಬಂತು. ಮೊದಲು ಸಿಹಿ. ಆಮೇಲೆ ಹೆಂಡದ ಹಾಗೆ. ಬಿಸಿಲು ಏರಿದಂತೆ ಮೂಗಿಗೆ ಹೊಡೆಯುವ ಹುಳಿ. ನೊಣಗಳು ಮೋಡ ಕಟ್ಟಿದವು. ದೂರದಲ್ಲಿ ಕಾರ್ಖಾನೆಯ ಚಿಮಣಿಯ ಹೊಗೆ ತೆಳ್ಳಗಾಗುತ್ತಾ ಬಂದು ನಿಂತೇಹೋಯಿತು. ಅದನ್ನು ನೋಡಿ ಮಕ್ಕಳು ಚಪ್ಪಾಳೆ ತಟ್ಟಿದವು. ದೊಡ್ಡವರು ಗದರಿದರು. ಗದರಿದ ಬಾಯಲ್ಲೂ ನಗು ಇತ್ತು. ಹೆದರಿಕೆಯೂ ಇತ್ತು.

ಹೊತ್ತು ನೆತ್ತಿಗೆ ಬರುವ ಮುಂಚೆ ಕಾರ್ಖಾನೆಯ ಇಂಜಿನಿಯರ್ ಜೀಪಿನಲ್ಲಿ ಬಂದ. ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಇಳಿದ. ಹಿಂದೆ ಎಲಿಹಿಯೊ, ಬೈಕಿನಲ್ಲಿ.

‘ಏನ್ರೀ ಎಲಿಹಿಯೊ ಇದು? ಗಾಣ ನಿಂತಿದೆ. ಗೊತ್ತಾ? ಗಾಣ ನಿಂತಿದೆ!’

‘ಈಗ ಎಬ್ಬಿಸ್ತೀನಿ ಸಾರ್. ಲಾರಿ ಇದೆಯಲ್ಲ.’ ಅವನು ಜನರ ಕಡೆ ತಿರುಗಿದ. ‘ಏಳ್ತೀರೋ ತುಂಬಿಸ್ಲೋ? ಯಾರು ಮೊದಲು?’

ದಿಯುಲ ಎದ್ದಳು. ಸೊಂಟಕ್ಕೆ ತಾತನ ಚಪ್ಪಲಿ ಸಿಕ್ಕಿಸಿಕೊಂಡಿದ್ದಳು. ನೇರ ಲಾರಿಯ ಹತ್ತಿರ ಹೋದಳು.

‘ನಾನು. ತೆಗಿ ಬಾಗ್ಲು.’

ಸಿಪಾಯಿ ಕಣ್ಣು ಬಿಟ್ಟ. ಹಿಂದೆ ವಿಸ್ನೆರ್ ಬಂದು ನಿಂತ.

‘ನಾನೂ ಬತ್ತೀನಿ. ನನ್ ಹೆಂಡ್ರು ಆ ಕಡೆ ಕಾಯ್ತಾವ್ಳೆ, ಬಸ್ ಚಾರ್ಜಿಗೆ ಗತಿಯಿಲ್ದೆ ಹೋಗಿರ್ಲಿಲ್ಲ. ಪುಕ್ಕಟೆ ಕರ್ಕಂಡೋಯ್ತಾರೆ ಅಂದ್ರೆ ಯಾರ್ ಬುಡ್ತಾರೆ? ಕಿಟಕಿ ಪಕ್ಕ ಕೊಡಪ್ಪ.’

ಸೊಂಟ ಹಿಡಿದುಕೊಂಡು ಮುದುಕಿ ಬಂದಳು. ಅವಳ ಹಿಂದೆ ಮಗುವನ್ನು ಕಂಕುಳಲ್ಲಿಟ್ಟುಕೊಂಡ ಹುಡುಗಿ. ಒಬ್ಬೊಬ್ಬರಾಗಿ ಎದ್ದರು. ಸಾಲು ಲಾರಿಯಿಂದ ನಲ್ಲಿಯವರೆಗೆ, ನಲ್ಲಿಯಿಂದ ಕೊನೆಯ ಮನೆಯವರೆಗೆ ಬೆಳೆಯಿತು. ನೂಕಾಟವಿಲ್ಲ, ಕೂಗಾಟವಿಲ್ಲ. ಕೂಲಿಗೆ ನಿಲ್ಲುವ ಹಾಗೆಯೇ ನಿಂತರು.

ಎಳೆ ಸಿಪಾಯಿ ತಲೆ ಕೆರೆದುಕೊಂಡ. ‘ಸಾರ್, ಇಷ್ಟು ಜನಕ್ಕೆ ಜಾಗ ಇಲ್ಲ.’

‘ಎಲ್ಲಾರನ್ನೂ ಕಳ್ಸಿ ಕಬ್ಬು ನೀವ್ ಕಡೀತೀರೇನ್ರೀ?’ ಇಂಜಿನಿಯರ್ ಎಲಿಹಿಯೊನ ಮೇಲೆ ಹರಿಹಾಯ್ದ. ‘ಯಾರು ಆ ಮುದುಕ? ಏನು ಮಾಡಿದ?’

‘ಹೊಲ ಸುಟ್ಟೋನು ಸಾರ್. ದೀಪ ಹಚ್ಚಿ ಆರಿಸದೆ ಬಂದಿದ್ದಾನೆ. ಅವನೇ ಒಪ್ಪಿಕೊಂಡಿದ್ದಾನೆ.’

‘ಸಾರ್,’ ಅಂದಳು ದಿಯುಲ. ‘ಒಂದ್ ಗಳಿಗೆ.’

ಅವಳು ತಲೆಯ ಬಟ್ಟೆ ಬಿಚ್ಚಿದಳು. ಬಾಗಿದ ಬತ್ತಿಯನ್ನು ತೆಗೆದಳು. ಬೆರಳಲ್ಲಿ ತೀಡಿ ನೆಟ್ಟಗೆ ಮಾಡಿದಳು. ನೆಲದಲ್ಲಿ ಗುಂಡಿ ತೋಡಿ, ಎಲಿಹಿಯೊನ ಬೂಟಿನ ಮುಂದೆ ನೆಟ್ಟಳು. ವಿಸ್ನೆರ್ ಬೆಂಕಿಕಡ್ಡಿ ಗೀರಿ ಕೊಟ್ಟ. ದೀಪ ಹತ್ತಿತು.

‘ಇದು ಸ್ವಾಮಾರದ್ದು. ಪೂರ್ತಿ ಉರಿದಿರ್ಲಿಲ್ಲ.’ ಅವಳು ಕುಕ್ಕರಗಾಲಲ್ಲಿ ಕೂತು ಕರೆದಳು. ‘ಒಲಾಂದ. ನಮ್ಮವ್ವ.’

‘ಮೆರಿಲ್ಯೂಸ್,’ ಅಂದಿತು ಸಾಲಿನಿಂದ ಒಂದು ಗಂಡು ದನಿ.

‘ಬೆನುವಾ, ನನ್ ಗಂಡ,’ ಅಂದಳು ಮುದುಕಿ.

‘ಸೆಫಿನ,’ ಅಂದಳು ದಿಯುಲ. ತಲೆ ಎತ್ತಿ ಎಲಿಹಿಯೊನನ್ನು ನೋಡಿದಳು. ‘ಅವಳು ಯಾರವ್ವ ಅಂತ ನಾನ್ ಹೇಳಲ್ಲ. ಅವಳ ಮಗ ದೊಡ್ಡೋನಾದ್ಮೇಲೆ ಒಂದಿನಾನೂ ಬಂದು ಹೆಸ್ರು ಹಿಡಿದು ಕರೀಲಿಲ್ಲ. ಅವ್ನ ಬದ್ಲು ಪ್ರತಿ ಸ್ವಾಮಾರ ಕರೆದೋನು ಆ ಪಂಜರದಾಗೆ ಅವ್ನೆ. ಈಗ ಊದು ಮೇಸ್ತ್ರಿ. ಊದಿದ್ಯಾ ಊದಿದ್ಯಾ ಅಂತ ತಾತನ್ನ ಕೇಳ್ದಲ್ಲ. ನೀನು ಊದು ನೋಡಾಣ.’

ಹುಳಿ ವಾಸನೆ ಹೊತ್ತ ಗಾಳಿ ಹೊಲದ ಕಡೆಯಿಂದ ಬೀಸಿತು. ದೀಪ ಮಲಗಿತು. ಬುಡಕ್ಕಿಳಿದು ನೀಲಿಯಾಯಿತು.

ಎಲಿಹಿಯೊ ಬಗ್ಗಿದ. ಯಾರೂ ಹೇಳಲಿಲ್ಲ. ಅವನ ಮೈ ತಾನೇ ಬಗ್ಗಿತು. ಎರಡೂ ಅಂಗೈ ಬಟ್ಟಲಾದವು. ಹ್ಯಾಟು ಜಾರಿ ಬಿತ್ತು. ದೀಪ ಎದ್ದು ನಿಂತಿತು.

‘ಏನ್ರೀ ಇದು ನಾಟಕ?’ ಇಂಜಿನಿಯರ್ ಕೂಗಿದ. ‘ಎಲಿಹಿಯೊ! ಊದಿ ಬಿಸಾಕ್ರಿ ಅದನ್ನ. ಇವರನ್ನ ಹೊಲಕ್ಕೆ ಇಳಿಸಿ.’

‘ಆಗಲ್ಲ ಸಾರ್.’

‘ಏನಂದ್ರಿ?’

‘ಅದು... ತಾನೇ ಆರ್ಬೇಕು ಸಾರ್.’

ಪಂಜರದಿಂದ ತಾತನ ದನಿ ಬಂತು. ಒಣಗಿದ ದನಿ, ಆದರೆ ಎಲ್ಲರಿಗೂ ಕೇಳಿಸಿತು.

‘ಎಡಗೈ ಮುಂದಕ್ಕೆ ತಗೊ ಮಗ. ಗಾಳಿ ಆ ಕಡೆಯಿಂದ ಐತೆ. ಆವಾಗಿಂದ್ಲೂ ನಿನ್ಗೆ ಅದೊಂದು ಬರಲ್ಲ.’

ಎಲಿಹಿಯೊ ಎಡಗೈ ಮುಂದಕ್ಕೆ ತಂದ. ತಲೆ ಎತ್ತಲಿಲ್ಲ.

ಇಂಜಿನಿಯರನಿಗೆ ಏನೂ ಅರ್ಥವಾಗಲಿಲ್ಲ. ಅವನಿಗೆ ಗೊತ್ತಾಗಿದ್ದು ನಿಂತ ಗಾಣ ಒಂದೇ. ಸಿಪಾಯಿಗೆ ಕೈ ಬೀಸಿದ. ‘ಇಳಿಸ್ರೋ ಆ ಮುದುಕನ್ನ. ಇಳಿಸಿ ಆಚೆಗೆ ಹಾಕಿ.’

ಬೀಗ ತೆಗೆದರು. ತಾತನ ಕಾಲು ಮರಗಟ್ಟಿತ್ತು. ವಿಸ್ನೆರ್ ಅವನನ್ನು ಮಗುವಿನಂತೆ ಎತ್ತಿ ಇಳಿಸಿದ. ದಿಯುಲ ಸೊಂಟದಿಂದ ಚಪ್ಪಲಿ ತೆಗೆದು ಅವನ ಪಾದಕ್ಕೆ ಹಾಕಿದಳು. ಪಾದ ಕಾದ ತಗಡಿಗೆ ತಾಗಿ ಬೊಬ್ಬೆ ಎದ್ದಿತ್ತು. ಅವನು ಹಲ್ಲು ಕಚ್ಚಿದ.

‘ಸರಿ. ಬಿಟ್ಟಿದ್ದಾಯ್ತು. ಈಗ ಕಡೀರಿ,’ ಅಂದ ಇಂಜಿನಿಯರ್. ‘ಏಳ್ರಿ. ಉಳಿದಿರೋದನ್ನಾದ್ರೂ ಕಡೀರಿ.’

ಯಾರೂ ಮಚ್ಚು ಮುಟ್ಟಲಿಲ್ಲ. ಸಾಲು ಒಡೆದು ದೀಪದ ಸುತ್ತ ಕೂತಿತು.

‘ಅವನನ್ನ ಬಿಟ್ರೆ ಕಡೀತೀವಿ ಅಂದ್ರಲ್ಲ?’

‘ಬುಡೋಗಂಟ ಕಡಿಯಲ್ಲ ಅಂತ ಕೂತಿದ್ವಿ ಸಾರ್,’ ಅಂದಳು ದಿಯುಲ. ‘ಬುಟ್ರೆ ಕಡೀತೀವಿ ಅಂತ ಯಾರಂದ್ರು? ಮೊದ್ಲು ಹೊಲ ಸುಟ್ಟೋನು ಯಾರು ಅಂತ ಎಲ್ಲಾರ್ ಮುಂದೆ ಹೇಳ್ಸಿ. ಹಸಿ ಕಬ್ಬಿನ ಕೂಲಿ ಕೊಡ್ತೀವಿ ಅನ್ನಿ. ಅಲ್ಲಿಗಂಟ ದೀಪ ಉರೀತಿರ್ಲಿ.’

‘ಲಾರಿ ನಾಳೆನೂ ಬರತ್ತೆ. ನೆನಪಿರಲಿ.’

‘ಬರ್ಲಿ. ನಾವೂ ಇಲ್ಲೇ ಇರ್ತೀವಿ.’

ನಾಳೆ ದೊಡ್ಡ ಲಾರಿ ಬರಬಹುದು. ಎರಡು ಬರಬಹುದು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಏಳಲಿಲ್ಲ.

ಇಂಜಿನಿಯರ್ ಜೀಪು ಹತ್ತಿದ. ಹತ್ತುವಾಗ ಮೇಸ್ತ್ರಿಯನ್ನು ಕರೆದ, ಒಮ್ಮೆ, ಇನ್ನೊಮ್ಮೆ. ಎಲಿಹಿಯೊ ಓಗೊಡಲಿಲ್ಲ. ಬರಿತಲೆಯಲ್ಲಿ, ಮೊಣಕಾಲೂರಿ, ಕೈ ಅಡ್ಡ ಹಿಡಿದು ಹಾಗೇ ಇದ್ದ. ಅವನ ತುಟಿ ಅಲ್ಲಾಡುತ್ತಿತ್ತು. ಯಾವ ಹೆಸರು ಅಂತ ಕೇಳಿಸಲಿಲ್ಲ.

ಮುದುಕಿ ಕಣ್ಣನ್ನು ಮುಂಗೈಯಿಂದ ಒರೆಸಿಕೊಂಡಳು. ‘ಪಾಪ’ ಅಂದಳು.

ದಿಯುಲ ಪಾಪ ಅನ್ನಲಿಲ್ಲ. ಅವಳು ಅವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ದೀಪದ ಬೆಳಕು ಬೆರಳುಗಳ ಸಂದಿಯಲ್ಲಿ ಕೆಂಪಗೆ ಕಾಣುತ್ತಿತ್ತು. ಉಗುರಿನ ಬುಡದಲ್ಲಿ ಇನ್ನೂ ಕಪ್ಪು ಇತ್ತು. ಸೋಮವಾರ ಸೀಮೆಎಣ್ಣೆ ಸುರಿದದ್ದೂ ಅದೇ ಕೈ.